ವಿದೇಶದ ಓದಿಗೆ, ಇಂಟರ್ನ್‌ಶಿಪ್‌ಗೆ ಹಣ ಹೊಂದಿಸುವುದು: ಯಾವ ಹಣ, ಯಾವ ತಿಂಗಳು

ವಿದೇಶದಲ್ಲಿ ಓದಲು ಹೊರಟವರು ಮೊದಲು ಕೇಳುವುದು ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು. ಅದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಒಂದು ವರ್ಷದ ಶುಲ್ಕ ಮತ್ತು ಜೀವನವೆಚ್ಚದ ಅಂದಾಜು ಇರುತ್ತದೆ. ಆದರೆ ಒಟ್ಟು ಮೊತ್ತ ಸರಿಯಾಗಿದ್ದೂ ಯೋಜನೆ ಕುಸಿಯುವುದುಂಟು. ವಿದ್ಯಾರ್ಥಿವೇತನ ಮಂಜೂರಾಗಿರುತ್ತದೆ, ಅದರ ಮೊದಲ ಕಂತು ಬರುವುದು ಆ ದೇಶಕ್ಕೆ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೆ. ವೀಸಾ ಶುಲ್ಕ, ವಿಮಾನದ ಟಿಕೆಟ್, ಮನೆಯ ಮುಂಗಡ ಎಲ್ಲವೂ ಅದಕ್ಕೂ ಮೊದಲೇ ಕಟ್ಟಬೇಕಾದವು. ಸಾಲ ಮಂಜೂರಾಗಿರುತ್ತದೆ, ಆದರೆ ವೀಸಾ ತೋರಿಸಿದರೆ ಹಣ ಬಿಡುತ್ತೇವೆ ಎಂದು ಬ್ಯಾಂಕಿನವರು, ಹಣ ತೋರಿಸಿದರೆ ವೀಸಾ ಕೊಡುತ್ತೇವೆ ಎಂದು ವೀಸಾ ಕಚೇರಿಯವರು ಹೇಳುತ್ತಾರೆ. ಮಧ್ಯೆ ವಿದ್ಯಾರ್ಥಿ ಸಿಕ್ಕಿಕೊಳ್ಳುತ್ತಾನೆ.

ಹಾಗಾಗಿ ಯಾವುದೇ ಹಣದ ಮೂಲವನ್ನು ನೋಡುವಾಗ ಮೊತ್ತದ ಜೊತೆಗೆ ಇನ್ನೂ ಮೂರು ಸಂಗತಿ ಬರೆದುಕೊಳ್ಳಬೇಕು: ಅದು ಯಾವ ಖರ್ಚಿಗೆ ಸಲ್ಲುತ್ತದೆ, ಯಾವ ದಿನ ಕೈಗೆ ಬರುತ್ತದೆ, ಯಾವ ಷರತ್ತು ತಪ್ಪಿದರೆ ನಿಂತುಹೋಗುತ್ತದೆ. ಮುಂದಿನದೆಲ್ಲ ಈ ಮೂರರ ವಿಸ್ತಾರ.

ತಿಂಗಳವಾರು ಪಟ್ಟಿ

ಒಂದು ಹಾಳೆಯಲ್ಲಿ ತರಗತಿ ಶುರುವಾಗುವ ತಿಂಗಳನ್ನು ಸೊನ್ನೆ ಎಂದು ಗುರುತಿಸಿ. ಅದರ ಹಿಂದಿನ ಹದಿನೈದು ತಿಂಗಳು, ಮುಂದಿನ ಆರು ತಿಂಗಳಿಗೆ ಒಂದೊಂದು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಆ ತಿಂಗಳು ಹೋಗುವ ಹಣ, ಬರುವ ಹಣ, ಉಳಿಯುವ ಹಣ ಬರೆಯಿರಿ. ಉಳಿಕೆ ಯಾವ ತಿಂಗಳು ಸೊನ್ನೆಗಿಂತ ಕೆಳಗಿಳಿಯುತ್ತದೋ ಅಲ್ಲಿಗೆ ನಿಮ್ಮ ಗಮನ ಹೋಗಬೇಕು.

ಹದಿನೈದರಿಂದ ಹತ್ತು ತಿಂಗಳ ಹಿಂದೆ ಹೋಗುವುದು ಸಣ್ಣ ಸಣ್ಣ ಮೊತ್ತಗಳು: ಭಾಷಾ ಪರೀಕ್ಷೆ, ಅಂಕಪಟ್ಟಿಗಳ ಪ್ರಮಾಣೀಕರಣ, ಅನುವಾದ, ಒಂದೊಂದು ವಿಶ್ವವಿದ್ಯಾಲಯದ ಅರ್ಜಿ ಶುಲ್ಕ. ಒಂದೊಂದಾಗಿ ನೋಡಿದರೆ ಹಗುರ, ಆರೇಳು ಕಡೆ ಅರ್ಜಿ ಹಾಕಿದರೆ ದೊಡ್ಡದೇ ಆಗುತ್ತದೆ. ಆರ್ಥಿಕ ತೊಂದರೆ ಇರುವವರಿಗೆ ಅರ್ಜಿ ಶುಲ್ಕ ಮನ್ನಾ ಮಾಡುವ ವಿಶ್ವವಿದ್ಯಾಲಯಗಳು ಸಾಕಷ್ಟಿವೆ. ಪ್ರವೇಶ ವಿಭಾಗಕ್ಕೆ ನಾಲ್ಕು ಸಾಲಿನ ಮಿಂಚಂಚೆ ಬರೆದು ಕೇಳಬೇಕು, ಅರ್ಜಿ ಸಲ್ಲಿಸುವ ಮೊದಲೇ ಕೇಳಬೇಕು.

ಆರರಿಂದ ಎರಡು ತಿಂಗಳ ಹಿಂದಿನ ಅವಧಿಯೇ ಭಾರ. ಸೀಟು ಉಳಿಸಿಕೊಳ್ಳುವ ಠೇವಣಿ, ವೀಸಾ ಶುಲ್ಕ, ವಿಮೆ ಎಲ್ಲ ಇಲ್ಲೇ ಬರುತ್ತವೆ. ಬ್ರಿಟನ್‌ನಲ್ಲಿ ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕವೊಂದಿದೆ. ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಸ್ನಾತಕೋತ್ತರ ಪದವಿಗೆ ವೀಸಾ ಅವಧಿ ಹದಿನೈದು ಹದಿನಾರು ತಿಂಗಳು ಇರುವುದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿದು 1,164 ಪೌಂಡ್ ಒಂದೇ ಸಲಕ್ಕೆ, ಅರ್ಜಿಯ ದಿನವೇ ಕಟ್ಟಬೇಕು. ಅಮೆರಿಕಕ್ಕೆ ಹೋಗುವವರು ವೀಸಾ ಶುಲ್ಕದ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟುತ್ತಾರೆ: ಪದವಿ ಓದುವವರ ಎಫ್-1 ವೀಸಾಕ್ಕೆ 350 ಡಾಲರ್, ವಿನಿಮಯ ಕಾರ್ಯಕ್ರಮದವರ ಜೆ-1ಕ್ಕೆ 220 ಡಾಲರ್. ಠೇವಣಿ ಕಟ್ಟುವ ಮುನ್ನ ಒಂದೇ ಒಂದು ವಾಕ್ಯ ಹುಡುಕಿ ಓದಿ: ವೀಸಾ ನಿರಾಕರಣೆಯಾದರೆ ಹಣ ವಾಪಸ್ ಬರುತ್ತದೆಯೇ, ಎಷ್ಟು ಕಡಿತವಾಗಿ ಬರುತ್ತದೆ.

ತಲುಪಿದ ಮೇಲಿನ ಮೊದಲ ಆರು ವಾರ ಎಲ್ಲಕ್ಕಿಂತ ದುಬಾರಿ. ತಾತ್ಕಾಲಿಕ ವಸತಿ, ಮನೆಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಹಾಸಿಗೆ ಹೊದಿಕೆ, ಓಡಾಟದ ಪಾಸು. ಜರ್ಮನಿಯಲ್ಲಿ ಮನೆಯ ಮಾಲೀಕರು ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಮುಂಗಡ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆ ಮುಂಗಡವನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಇದು ಗೊತ್ತಿಲ್ಲದೆ ಪೂರ್ತಿ ಹಣ ಮೊದಲ ದಿನವೇ ಕೊಟ್ಟು ಊಟದ ಖರ್ಚಿಗೆ ಪರದಾಡುವವರಿದ್ದಾರೆ.

ತೋರಿಸಬೇಕಾದ ಹಣ, ಖರ್ಚು ಮಾಡುವ ಹಣ

ಇವೆರಡೂ ಬೇರೆ ಬೇರೆ. ವೀಸಾ ಕೊಡುವ ದೇಶ ಒಂದು ಕನಿಷ್ಠ ಮೊತ್ತ ನಿಗದಿ ಮಾಡಿರುತ್ತದೆ. ಅದು ಇದ್ದರೆ ಸಾಕು ಎಂದಲ್ಲ, ಅದಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದಷ್ಟೇ ಅರ್ಥ. ದೊಡ್ಡ ನಗರಗಳಲ್ಲಿ ನಿಜವಾದ ಖರ್ಚು ಇದಕ್ಕಿಂತ ಮೇಲೆಯೇ ಹೋಗುತ್ತದೆ.

ಜರ್ಮನಿ ಕೇಳುವುದು ವರ್ಷಕ್ಕೆ 11,904 ಯೂರೋ. ಇದನ್ನು ನಿರ್ಬಂಧಿತ ಖಾತೆ ಎಂಬ ವಿಶೇಷ ಖಾತೆಯಲ್ಲಿ ಮೊದಲೇ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ. ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, ಸರಿಯಾಗಿ 11,904 ಯೂರೋವನ್ನೇ ಕಳಿಸುವುದು. ಮಧ್ಯದ ಬ್ಯಾಂಕು ಇಪ್ಪತ್ತು ಯೂರೋ ಕಡಿದುಕೊಂಡರೆ ಖಾತೆ ಭರ್ತಿಯಾಗುವುದಿಲ್ಲ, ದೃಢೀಕರಣ ಪತ್ರ ಬರುವುದಿಲ್ಲ, ವೀಸಾ ಸಂದರ್ಶನದ ದಿನ ಕೈತಪ್ಪುತ್ತದೆ. ಖಾತೆ ತೆರೆಯುವ ಶುಲ್ಕವನ್ನೂ ಸೇರಿಸಿ ನೂರಿನ್ನೂರು ಯೂರೋ ಹೆಚ್ಚೇ ಕಳಿಸಿ. ಹೆಚ್ಚಾದದ್ದು ನಿಮ್ಮದೇ ಹಣ. ಎರಡನೆಯ ತಪ್ಪು, ಹೋದ ದಿನದಿಂದಲೇ 992 ಯೂರೋ ಸಿಗುತ್ತದೆಂದು ನಂಬುವುದು. ಅದನ್ನು ಪಡೆಯಲು ಅಲ್ಲಿನ ಚಾಲ್ತಿ ಖಾತೆ ಬೇಕು, ಖಾತೆಗೆ ಹಲವು ಬ್ಯಾಂಕುಗಳು ವಿಳಾಸ ನೋಂದಣಿ ಕೇಳುತ್ತವೆ, ನೋಂದಣಿಗೆ ಮನೆ ಬೇಕು. ಇಷ್ಟಕ್ಕೆ ಕೆಲವು ವಾರಗಳೇ ಹಿಡಿಯಬಹುದು. ಆ ವಾರಗಳಿಗೆ ಬೇರೆ ಹಣ ಕೈಯಲ್ಲಿರಬೇಕು.

ಬ್ರಿಟನ್ ಖಾತೆಯ ಬದಲು ದಿನಗಳನ್ನು ಎಣಿಸುತ್ತದೆ. ಕಟ್ಟಬೇಕಾದ ಮೊದಲ ವರ್ಷದ ಶುಲ್ಕದ ಬಾಕಿ ಮತ್ತು ಗರಿಷ್ಠ ಒಂಬತ್ತು ತಿಂಗಳ ಜೀವನವೆಚ್ಚ ಸತತ 28 ದಿನ ಖಾತೆಯಲ್ಲಿ ಇರಬೇಕು. 2025ರ ನವೆಂಬರ್‌ನಿಂದ ಈ ಜೀವನವೆಚ್ಚ ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್. ಒಂಬತ್ತು ತಿಂಗಳಿಗೆ ಕ್ರಮವಾಗಿ 13,761 ಮತ್ತು 10,539 ಪೌಂಡ್ ಆಗುತ್ತದೆ. ಬ್ಯಾಂಕಿನ ಪತ್ರದ ಕೊನೆಯ ದಿನಾಂಕ ಅರ್ಜಿಯ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. 28 ದಿನಗಳಲ್ಲಿ ಒಂದೇ ಒಂದು ದಿನ, ಒಂದೇ ಒಂದು ಪೌಂಡ್ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ವಿನಿಮಯ ದರ ಏರಿಳಿಯುವುದರಿಂದ ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ಇಟ್ಟುಕೊಳ್ಳುವುದೇ ಕ್ಷೇಮ. ಷೇರು, ಬಾಂಡ್, ಪಿಂಚಣಿ ನಿಧಿ ಈ ಲೆಕ್ಕಕ್ಕೆ ಬರುವುದಿಲ್ಲ. ತಂದೆತಾಯಿಯ ಖಾತೆಯ ಹಣ ನಡೆಯುತ್ತದೆ, ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಜೊತೆಗಿರಬೇಕು.

ಕೆನಡಾದಲ್ಲಿ 2025ರ ಸೆಪ್ಟೆಂಬರ್ 1ರಿಂದ ಒಬ್ಬ ವಿದ್ಯಾರ್ಥಿಗೆ ಕ್ವಿಬೆಕ್ ಪ್ರಾಂತ್ಯ ಹೊರತುಪಡಿಸಿ ವರ್ಷಕ್ಕೆ 22,895 ಕೆನಡಾ ಡಾಲರ್, ಶುಲ್ಕ ಮತ್ತು ಪ್ರಯಾಣ ಬೇರೆ. ಆಸ್ಟ್ರೇಲಿಯಾದಲ್ಲಿ 2024ರ ಮೇ 10ರಿಂದ 29,710 ಆಸ್ಟ್ರೇಲಿಯನ್ ಡಾಲರ್. ಈ ಅಂಕಿಗಳು ಆಗಾಗ ಏರುತ್ತವೆ. ಅರ್ಜಿ ಹಾಕುವ ವಾರ ಆಯಾ ಸರ್ಕಾರದ ಪುಟದಲ್ಲಿ ಮತ್ತೊಮ್ಮೆ ತಾಳೆ ನೋಡಲೇಬೇಕು. ಅಮೆರಿಕದ್ದು ಬೇರೆಯೇ ರೀತಿ. ವೀಸಾ ಅರ್ಜಿಗೆ ಬೇಕಾದ, ವಿಶ್ವವಿದ್ಯಾಲಯವೇ ಕೊಡುವ ಐ-20 ಪತ್ರಕ್ಕಾಗಿ ಅದು ಕೇಳುವುದು ಸಾಮಾನ್ಯವಾಗಿ ಮೊದಲ ವರ್ಷದ ಹಣ ಮಾತ್ರ. ಎರಡನೆಯ ವರ್ಷದ್ದು ಯಾರೂ ಕೇಳುವುದಿಲ್ಲವಾದ್ದರಿಂದ ಅದನ್ನು ಯೋಚಿಸದೆ ಹೊರಡುವವರು ಹದಿಮೂರನೆಯ ತಿಂಗಳಲ್ಲಿ ಕಷ್ಟಕ್ಕೆ ಬೀಳುತ್ತಾರೆ.

ಖಾತೆಯಲ್ಲಿ ಹಠಾತ್ತನೆ ದೊಡ್ಡ ಮೊತ್ತ ಬಂದಿದ್ದರೆ ಅದು ಎಲ್ಲಿಂದ ಬಂತೆಂಬ ದಾಖಲೆ ಇಟ್ಟುಕೊಳ್ಳಿ: ಜಮೀನು ಮಾರಿದ ಪತ್ರ, ಠೇವಣಿ ಮುರಿಸಿದ ರಸೀದಿ, ಸಾಲದ ಮಂಜೂರಾತಿ. ಕೆಲವು ದಿನಕ್ಕೆ ಹಣ ತುಂಬಿಸಿ ಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಹತ್ತಿರ ಸುಳಿಯಬೇಡಿ. ಸುಳ್ಳು ದಾಖಲೆ ಕೊಟ್ಟರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ.

ಹಣ ಹುಡುಕುವ ಮೊದಲು ಖರ್ಚು ಇಳಿಸುವುದು

ಅತಿ ಅಗ್ಗದ ದಾರಿಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನೀವು ಈಗ ಓದುತ್ತಿರುವ ವಿಶ್ವವಿದ್ಯಾಲಯಕ್ಕೂ ವಿದೇಶದ ಒಂದು ವಿಶ್ವವಿದ್ಯಾಲಯಕ್ಕೂ ವಿನಿಮಯ ಒಪ್ಪಂದ ಇದ್ದರೆ, ಸಾಮಾನ್ಯವಾಗಿ ಶುಲ್ಕ ಕಟ್ಟುವುದು ಇಲ್ಲಿ ಮಾತ್ರ. ಅಲ್ಲಿ ಶುಲ್ಕ ಇರುವುದಿಲ್ಲ. ಜೀವನವೆಚ್ಚ ಮತ್ತು ಪ್ರಯಾಣ ಹೊಂದಿಸಿದರೆ ಒಂದು ಸೆಮಿಸ್ಟರ್ ಅಲ್ಲಿ ಕಳೆಯಬಹುದು. ಒಪ್ಪಂದ ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಡಿ ಇದ್ದರೆ ಜೀವನವೆಚ್ಚಕ್ಕೂ ಮಾಸಿಕ ಹಣ ಸಿಗುತ್ತದೆ. 1987ರಲ್ಲಿ ಶುರುವಾದ ಈ ಯೋಜನೆ ಇಂದು ಯುರೋಪಿನ ಹೊರಗಿನ ಸಹಭಾಗಿ ವಿಶ್ವವಿದ್ಯಾಲಯಗಳಿಗೂ ತೆರೆದಿದೆ. ಇಲ್ಲಿ ಎಡವುವುದು ಹಣದಲ್ಲಲ್ಲ, ಕ್ರೆಡಿಟ್‌ಗಳಲ್ಲಿ. ಅಲ್ಲಿ ಓದಿದ ವಿಷಯಗಳನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಒಂದು ಸೆಮಿಸ್ಟರ್ ಹೆಚ್ಚಿಗೆ ಓದಬೇಕಾಗುತ್ತದೆ, ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ಯಾವ ವಿಷಯಕ್ಕೆ ಯಾವುದು ಸಮ ಎಂಬ ಒಪ್ಪಂದಪತ್ರಕ್ಕೆ ಹೊರಡುವ ಮೊದಲೇ ಎರಡೂ ಕಡೆಯ ಸಹಿ ಆಗಿರಬೇಕು.

ಪೂರ್ಣ ಪದವಿಗೆ ಹೋಗುವವರಿಗೆ ದೇಶದ ಆಯ್ಕೆಯೇ ದೊಡ್ಡ ವಿದ್ಯಾರ್ಥಿವೇತನವಿದ್ದಂತೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರುಮಾಡಿದೆ. ನಾರ್ವೆ ಉಚಿತ ಎಂದು ಹೇಳುವ ಹಳೆಯ ಲೇಖನಗಳು ಇನ್ನೂ ಓಡಾಡುತ್ತಿವೆ. 2023ರ ಶರತ್ಕಾಲದಿಂದ ಅಲ್ಲಿಯೂ ಯುರೋಪಿನ ಹೊರಗಿನವರಿಗೆ ಶುಲ್ಕವಿದೆ. ಜೆಕ್ ಗಣರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜೆಕ್ ಭಾಷೆಯಲ್ಲಿ ಓದಿದರೆ ಎಲ್ಲ ದೇಶದವರಿಗೂ ಉಚಿತ. ಭಾಷೆ ಕಲಿಯಲು ಒಂದು ವರ್ಷ ಕೊಡಬಲ್ಲವರಿಗೆ ಅದು ಗಂಭೀರವಾಗಿ ಯೋಚಿಸಬೇಕಾದ ದಾರಿ.

ವಿದ್ಯಾರ್ಥಿವೇತನ: ಪತ್ರವನ್ನು ಪೂರ್ತಿ ಓದುವುದು

‘ಪೂರ್ಣ ವಿದ್ಯಾರ್ಥಿವೇತನ’ ಎಂಬ ಮಾತಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಒಂದರಲ್ಲಿ ಶುಲ್ಕ, ಜೀವನವೆಚ್ಚ, ಟಿಕೆಟ್, ವೀಸಾ ಎಲ್ಲ ಸೇರಿರುತ್ತವೆ. ಇನ್ನೊಂದರಲ್ಲಿ ಶುಲ್ಕ ಮಾತ್ರ. ಶುಲ್ಕದ ಅರ್ಧ ಮನ್ನಾ ಎಂದರೆ ಖರ್ಚಿನ ಅರ್ಧ ಅಲ್ಲ. ವರ್ಷಕ್ಕೆ 20,000 ಶುಲ್ಕ, 15,000 ಜೀವನವೆಚ್ಚ ಇರುವ ಕಡೆ ಅರ್ಧ ಶುಲ್ಕ ಮನ್ನಾ ಆದರೆ ಉಳಿತಾಯವಾಗುವುದು 10,000. ಇನ್ನೂ 25,000 ಹೊಂದಿಸಬೇಕು. ಶುಲ್ಕ 8,000 ಇರುವ ಬೇರೊಂದು ಕಡೆ, ಯಾವ ಮನ್ನಾವೂ ಇಲ್ಲದೆ, ಜೀವನವೆಚ್ಚ ಅಷ್ಟೇ ಇದ್ದರೆ 23,000ಕ್ಕೆ ಮುಗಿಯುತ್ತದೆ. ಪ್ರಶಸ್ತಿ ಬಂದ ಖುಷಿಯಲ್ಲಿ ಈ ಕೂಡಿ ಕಳೆಯುವ ಲೆಕ್ಕ ಬಿಟ್ಟುಹೋಗುತ್ತದೆ.

ದೊಡ್ಡ ಯೋಜನೆಗಳಲ್ಲಿ ಒಂದೊಂದರ ಸ್ವಭಾವ ಒಂದೊಂದು. ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗೆ ಆಯ್ಕೆಯಾದವರಿಗೆ ಶುಲ್ಕ ಇಲ್ಲ, ತಿಂಗಳಿಗೆ 1,400 ಯೂರೋದಂತೆ ಗರಿಷ್ಠ 24 ತಿಂಗಳು ಸಿಗುತ್ತದೆ. ಆದರೆ ಪ್ರಯಾಣ, ವೀಸಾ, ದೇಶದಿಂದ ದೇಶಕ್ಕೆ ಮನೆ ಬದಲಿಸುವ ಖರ್ಚು ಎಲ್ಲ ಆ 1,400ರಲ್ಲೇ ಆಗಬೇಕು. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ ಸ್ನಾತಕೋತ್ತರ ಪದವಿಗೆ. ಪದವಿಯ ನಂತರ 2,800 ಗಂಟೆ ಕೆಲಸದ ಅನುಭವ ಕೇಳುತ್ತದೆ, ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಅಮೆರಿಕದ ಫುಲ್‌ಬ್ರೈಟ್ ಜೆ-1 ವೀಸಾದ ಮೇಲೆ ನಡೆಯುವುದರಿಂದ, ಎರಡು ವರ್ಷ ಸ್ವದೇಶದಲ್ಲಿ ಕಳೆಯುವವರೆಗೆ ಅಲ್ಲಿನ ಎಚ್-1ಬಿ ಕೆಲಸದ ವೀಸಾ, ಕಾಯಂ ವಾಸದ ಹಕ್ಕು ಸಿಗುವುದಿಲ್ಲ. ಓದು ಮುಗಿಸಿ ಅಲ್ಲೇ ದುಡಿದು ಬೇರೆ ಸಾಲ ತೀರಿಸುವ ಯೋಚನೆ ಇರುವವರಿಗೆ ಇದು ಹೊಂದುವುದಿಲ್ಲ. ಫ್ರಾನ್ಸಿನ ಐಫೆಲ್ ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತೆಯೇ ಇಲ್ಲ. ವಿದ್ಯಾಸಂಸ್ಥೆಯೇ ಹೆಸರು ಕಳಿಸಬೇಕು. ಹಾಗಾಗಿ ಅಧಿಕೃತ ಗಡುವಿಗಿಂತ ಎರಡು ಮೂರು ತಿಂಗಳು ಮೊದಲೇ ಆ ಸಂಸ್ಥೆಯ ಒಳಗಡುವು ಮುಗಿದಿರುತ್ತದೆ. ಜರ್ಮನಿಯ ಡಾಡ್, ಜಪಾನಿನ ಮೆಕ್ಸ್ಟ್, ಹಂಗರಿಯ ಸ್ಟಿಪೆಂಡಿಯಂ ಹಂಗಾರಿಕಂ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಇವೆಲ್ಲ ಸರ್ಕಾರಿ ಹಣದವು. ಬಹುಪಾಲು ತರಗತಿಗಿಂತ ಒಂಬತ್ತರಿಂದ ಹದಿನೈದು ತಿಂಗಳ ಮೊದಲೇ ಅರ್ಜಿ ಮುಗಿಸುತ್ತವೆ. ಪ್ರವೇಶ ಸಿಕ್ಕಲಿ, ಆಮೇಲೆ ಹಣ ನೋಡೋಣ ಎಂದುಕೊಂಡವರಿಗೆ ಇವು ಒಂದೂ ದಕ್ಕುವುದಿಲ್ಲ.

ಅಮೆರಿಕದ ಪದವಿಪೂರ್ವ ಹಂತದ ಓದಿನಲ್ಲಿ, ಅಂದರೆ ಬ್ಯಾಚುಲರ್ ಪದವಿಯಲ್ಲಿ, ಒಂದು ವಿಶೇಷವಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎಂದು ನೋಡದೆ ಪ್ರವೇಶ ತೀರ್ಮಾನಿಸಿ, ಕುಟುಂಬದ ಶಕ್ತಿಗೂ ಖರ್ಚಿಗೂ ನಡುವಿನ ಪೂರ್ತಿ ಅಂತರ ತುಂಬಿಕೊಡುತ್ತವೆ. ಉಳಿದ ಹೆಚ್ಚಿನ ಕಡೆ ನೆರವು ಕೇಳುವುದೇ ಪ್ರವೇಶದ ಸಾಧ್ಯತೆಯನ್ನು ತಗ್ಗಿಸಬಹುದು. ಹಾಗೆಂದು ಕೇಳದೆ ಪ್ರವೇಶ ಪಡೆದು ಆಮೇಲೆ ಕೇಳಿದರೆ, ಮುಂದಿನ ವರ್ಷಗಳಲ್ಲೂ ಕೊಡುವುದಿಲ್ಲ ಎನ್ನುವ ನಿಯಮ ಹಲವು ಕಡೆ ಇದೆ.

ಸಣ್ಣ ಅನುದಾನಗಳನ್ನು ಒಟ್ಟುಗೂಡಿಸುವುದೂ ನಡೆಯುತ್ತದೆ: ವಿಷಯವಾರು ಸಂಘಗಳು, ಸಮುದಾಯದ ಟ್ರಸ್ಟ್‌ಗಳು, ಹಳೆಯ ವಿದ್ಯಾರ್ಥಿಗಳ ನಿಧಿ. ಕೆಲವು ದೇಶಗಳು ತಮ್ಮ ವಿದ್ಯಾರ್ಥಿಗಳಿಗೆ ಕೊಡುವ ನೆರವನ್ನು ವಿದೇಶಕ್ಕೂ ಒಯ್ಯಲು ಬಿಡುತ್ತವೆ. ವಿದ್ಯಾರ್ಥಿ ನೆರವು ಕೊಡುವ ಸರ್ಕಾರಿ ಸಂಸ್ಥೆಗಳಾದ ಸ್ವೀಡನ್ನಿನ ಸಿಎಸ್‌ಎನ್, ನಾರ್ವೆಯ ಲೋನೆಕಾಸ್ಸೆನ್ ಹಾಗೆ ಮಾಡುತ್ತವೆ. ಕೂಡಿಸುವಾಗ ನೋಡಬೇಕಾದ್ದು ಒಂದೇ ಖರ್ಚಿಗೆ ಎರಡು ಕಡೆಯಿಂದ ಹಣ ಪಡೆಯಬಾರದೆಂಬ ಷರತ್ತು. ಎರಡನೆಯ ಅನುದಾನ ಬಂದ ಕೂಡಲೇ ಮೊದಲನೆಯವರು ಅಷ್ಟನ್ನೇ ಕಡಿತ ಮಾಡುವುದುಂಟು. ಒಬ್ಬರ ಹಣ ಶುಲ್ಕಕ್ಕೆ, ಇನ್ನೊಬ್ಬರದು ಪ್ರಯಾಣಕ್ಕೆ ಎಂದು ಬರಹದಲ್ಲಿ ಸ್ಪಷ್ಟಪಡಿಸಿಕೊಂಡರೆ ಕಡಿತ ತಪ್ಪಬಹುದು. ತೆರಿಗೆಯನ್ನೂ ಮರೆಯುವಂತಿಲ್ಲ: ಅಮೆರಿಕದಲ್ಲಿ ಶುಲ್ಕವನ್ನು ಮೀರಿ ಊಟ ವಸತಿಗೆ ಕೊಡುವ ಹಣದ ಮೇಲೆ, ತೆರಿಗೆ ಒಪ್ಪಂದ ಇಲ್ಲದ ದೇಶದ ಎಫ್ ಮತ್ತು ಜೆ ವೀಸಾದವರಿಗೆ ಶೇ. 14 ಮೂಲದಲ್ಲೇ ಕಡಿತವಾಗುತ್ತದೆ.

ಪಿಎಚ್‌ಡಿ ಮಾಡುವವರ ಲೆಕ್ಕವೇ ಬೇರೆ. ವಿಜ್ಞಾನ, ತಂತ್ರಜ್ಞಾನದಲ್ಲಿ ಸ್ವಂತ ಹಣ ಹಾಕಿ ಪಿಎಚ್‌ಡಿಗೆ ಹೋಗುವುದು ಬೇಡ ಎಂದೇ ನಮ್ಮ ಸಲಹೆ. ಉತ್ತರ ಯುರೋಪಿನಲ್ಲಿ ಅದು ಸಂಬಳದ ಹುದ್ದೆ. ಅಮೆರಿಕದಲ್ಲಿ ಬೋಧನಾ ಅಥವಾ ಸಂಶೋಧನಾ ಸಹಾಯಕತ್ವದ ಜೊತೆಗೆ ಶುಲ್ಕ ಮನ್ನಾ ಸಿಗುತ್ತದೆ. ಹುದ್ದೆ ಇದೆಯೇ ಎಂದು ಹುಡುಕಬೇಕು, ವಿದ್ಯಾರ್ಥಿವೇತನ ಇದೆಯೇ ಎಂದಲ್ಲ.

ಇಂಟರ್ನ್‌ಶಿಪ್‌ಗೆ ಹಣ

ಇಲ್ಲಿ ಮೊದಲ ಪ್ರಶ್ನೆ ಆತಿಥೇಯ ಸಂಸ್ಥೆಯೇ ದುಡ್ಡು ಕೊಡುತ್ತದೆಯೇ ಎಂಬುದು. ಜಿನೀವಾದ ಕಣ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮ 8ರಿಂದ 13 ವಾರದ್ದು. ದಿನಭತ್ಯೆ, ಪ್ರಯಾಣಭತ್ಯೆ ಕೊಡುತ್ತದೆ, ಸದಸ್ಯರಲ್ಲದ ದೇಶದವರಿಗೂ ಸ್ವಲ್ಪ ಜಾಗ ಇದೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಒಪ್ಪಂದವಿರುವ ದೇಶಗಳ ಪದವಿ ವಿದ್ಯಾರ್ಥಿಗಳಿಗೆ 12 ವಾರದ ಸಂಶೋಧನಾ ಇಂಟರ್ನ್‌ಶಿಪ್ ಕೊಡುತ್ತದೆ. ಒಕಿನಾವಾ ವಿಜ್ಞಾನ ತಂತ್ರಜ್ಞಾನ ಸಂಸ್ಥೆ ಪ್ರಯಾಣ, ವಸತಿ, ದಿನಭತ್ಯೆ ನೋಡಿಕೊಳ್ಳುತ್ತದೆ. 1948ರಲ್ಲಿ ಹುಟ್ಟಿದ ಐಯೆಸ್ಟೆ ಜಾಲ ತಾಂತ್ರಿಕ ವಿದ್ಯಾರ್ಥಿಗಳಿಗೆ ಊಟ ವಸತಿಗೆ ಸಾಲುವಷ್ಟು ವೇತನದ ತರಬೇತಿ ಹೊಂದಿಸುತ್ತದೆ, ಪ್ರಯಾಣ ವಿದ್ಯಾರ್ಥಿಯದು. ಯುರೋಪಿಯನ್ ಆಯೋಗದ ಬ್ಲೂ ಬುಕ್ ತರಬೇತಿ ಐದು ತಿಂಗಳದ್ದು, ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಮಾಸಿಕ ಭತ್ಯೆ ಇದೆ, ಹೊರದೇಶದವರಿಗೂ ಕೆಲವು ಸ್ಥಾನಗಳಿವೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ವೇತನ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳಲ್ಲಿ ಭತ್ಯೆ ಇದೆ.

ಕಾನೂನು ಗೊತ್ತಿದ್ದರೆ ಖಾಸಗಿ ಕಂಪನಿಯ ಜೊತೆ ಮಾತಾಡುವುದು ಸುಲಭ. ಫ್ರಾನ್ಸಿನಲ್ಲಿ ಎರಡು ತಿಂಗಳಿಗಿಂತ ಹೆಚ್ಚಿನ ಇಂಟರ್ನ್‌ಶಿಪ್‌ಗೆ ಭತ್ಯೆ ಕಡ್ಡಾಯ; 2025ರಲ್ಲಿ ಕನಿಷ್ಠ ದರ ಗಂಟೆಗೆ 4.35 ಯೂರೋ. ಅದಕ್ಕೆ ವಿದ್ಯಾಸಂಸ್ಥೆ, ಕಂಪನಿ, ವಿದ್ಯಾರ್ಥಿ ಮೂವರ ಸಹಿ ಇರುವ ಒಪ್ಪಂದ ಬೇಕು. ಪದವಿ ಮುಗಿಸಿ ಎಲ್ಲಿಯೂ ದಾಖಲಾಗಿರದವರಿಗೆ ಆ ಒಪ್ಪಂದ ಮಾಡಿಕೊಡುವ ಸಂಸ್ಥೆಯೇ ಇರುವುದಿಲ್ಲ, ಕಂಪನಿ ಒಪ್ಪಿದ್ದರೂ ಅವಕಾಶ ತಪ್ಪುತ್ತದೆ. ಜರ್ಮನಿಯಲ್ಲಿ ಪಠ್ಯಕ್ರಮದಲ್ಲೇ ಕಡ್ಡಾಯವಾದ ಇಂಟರ್ನ್‌ಶಿಪ್‌ಗೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ, ಮೂರು ತಿಂಗಳಿಗಿಂತ ಹೆಚ್ಚಿನ ಐಚ್ಛಿಕ ಇಂಟರ್ನ್‌ಶಿಪ್‌ಗೆ ಅನ್ವಯಿಸುತ್ತದೆ. ಎರಾಸ್ಮಸ್ ಪ್ಲಸ್ ಅನುದಾನ 2ರಿಂದ 12 ತಿಂಗಳ ತರಬೇತಿಗೂ ಸಲ್ಲುತ್ತದೆ. ಪದವಿ ಮುಗಿದ ಒಂದು ವರ್ಷದೊಳಗೂ ಹೋಗಬಹುದು, ಆದರೆ ಆಯ್ಕೆ ಪದವಿ ಮುಗಿಯುವ ಮೊದಲೇ ಆಗಿರಬೇಕು.

ಇಂಟರ್ನ್‌ಶಿಪ್ ಕೊಡಿಸಲು ದೊಡ್ಡ ಶುಲ್ಕ ಕೇಳುವ ಏಜೆನ್ಸಿಗಳಿವೆ. ಕೊಡುವ ಮುನ್ನ ಆತಿಥೇಯ ಕಂಪನಿಯ ಹೆಸರು, ಮೇಲ್ವಿಚಾರಕರ ಹೆಸರು, ವೀಸಾ ಯಾವ ವರ್ಗದ್ದು ಎಂಬುದನ್ನು ಬರಹದಲ್ಲಿ ಕೇಳಿ. ಪ್ರವಾಸಿ ವೀಸಾದಲ್ಲಿ ಬನ್ನಿ ಎಂದರೆ ಅಲ್ಲಿಗೇ ನಿಲ್ಲಿಸಿ. ಸಂಬಳ ಇಲ್ಲದಿದ್ದರೂ ಅದನ್ನು ಕೆಲಸವೆಂದೇ ಎಣಿಸುವ ದೇಶಗಳು ಹೆಚ್ಚು.

ಅರೆಕಾಲಿಕ ಕೆಲಸ ಎಷ್ಟು ತುಂಬಬಲ್ಲದು

ಮಿತಿಗಳು ಹೀಗಿವೆ: ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಸ್ವಂತ ಉದ್ಯೋಗ ಮಾಡುವಂತಿಲ್ಲ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ. ಜಪಾನಿನಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ. ಫ್ರಾನ್ಸಿನಲ್ಲಿ ವರ್ಷಕ್ಕೆ 964 ಗಂಟೆ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದನ್ನೇ ಮೊದಲು ಹುಡುಕಬೇಕು. ಅಮೆರಿಕದ ಎಫ್-1ರಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ. ಮೊದಲ ವರ್ಷ ಹೊರಗೆ ದುಡಿಯುವಂತಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಮೊದಲ ಮೂರು ತಿಂಗಳ ಸಂಪಾದನೆಯನ್ನು ಪಟ್ಟಿಯಲ್ಲಿ ಸೊನ್ನೆ ಎಂದೇ ಬರೆಯಬೇಕು. ಆಮೇಲೂ ಅದು ಊಟ ಓಡಾಟಕ್ಕೆ ಒದಗೀತು, ಶುಲ್ಕಕ್ಕೆ ಆಗುವುದಿಲ್ಲ. ವೀಸಾ ಅರ್ಜಿಯಲ್ಲಿ ಮುಂದೆ ದುಡಿಯುವ ಹಣ ತೋರಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಂಟೆಯ ಮಿತಿ ಒಂದು ವಾರ ಮೀರಿದರೂ ಅದು ವೀಸಾ ಉಲ್ಲಂಘನೆ. ವಾರ ಎಂದರೆ ಬ್ರಿಟನ್ನಿನಲ್ಲಿ ಸೋಮವಾರದಿಂದ ಭಾನುವಾರ. ಎರಡು ವಾರದ ಸರಾಸರಿ ತೆಗೆದು ತೋರಿಸುವಂತಿಲ್ಲ.

ಸಾಲ

ಉಳಿದ ಅಂತರಕ್ಕೆ ಸಾಲ. ಇಲ್ಲಿ ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುವುದು ಒಳ್ಳೆಯದು. 20,000 ಡಾಲರ್ ಸಾಲ, ಶೇ. 10 ಬಡ್ಡಿ, ಪೂರ್ತಿ ಹಣ ಮೊದಲ ದಿನವೇ ಬಿಡುಗಡೆ, ಓದಿನ ಎರಡು ವರ್ಷ ಮತ್ತು ಆಮೇಲಿನ ಆರು ತಿಂಗಳು ಕಂತು ಇಲ್ಲ ಎಂದುಕೊಳ್ಳೋಣ. ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಎರಡೂವರೆ ವರ್ಷದ ಸರಳ ಬಡ್ಡಿ 5,000 ಡಾಲರ್ ಅಸಲಿಗೆ ಸೇರಿ ಸಾಲ 25,000 ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 330, ಒಟ್ಟು ಸುಮಾರು 39,600. ಆ ಎರಡೂವರೆ ವರ್ಷವೂ ತಿಂಗಳಿಗೆ 167ರಂತೆ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಅಸಲು 20,000ದಲ್ಲೇ ನಿಲ್ಲುತ್ತದೆ. ಕಂತು ಸುಮಾರು 264, ಬಡ್ಡಿಯನ್ನೂ ಸೇರಿಸಿ ಒಟ್ಟು ಸುಮಾರು 36,700. ಸುಮಾರು 2,900 ಡಾಲರ್ ಉಳಿತಾಯ, ಮೇಲಾಗಿ ಹತ್ತು ವರ್ಷದುದ್ದಕ್ಕೂ ಹಗುರ ಕಂತು. ಮನೆಯವರು ದೊಡ್ಡ ಮೊತ್ತ ಕೊಡಲಾರದಿದ್ದರೂ ಈ ಬಡ್ಡಿಯ ಭಾಗ ಹೊರಬಲ್ಲರೇ ಎಂದು ಕೇಳಿ ನೋಡಬಹುದು.

ಹೋಲಿಸುವಾಗ ಬಡ್ಡಿ ದರ ಒಂದನ್ನೇ ನೋಡಿದರೆ ಸಾಲದು. ಪ್ರಕ್ರಿಯೆ ಶುಲ್ಕ ಸಾಲದಲ್ಲೇ ಮುರಿದುಕೊಂಡರೆ 20,000ಕ್ಕೆ ಶೇ. 5ರಂತೆ 1,000 ಹೋಗಿ ಕೈಗೆ ಬರುವುದು 19,000. ಬಡ್ಡಿ ಮಾತ್ರ 20,000ಕ್ಕೆ. ವೀಸಾಕ್ಕೆ ತೋರಿಸುವ ಮೊತ್ತವೂ ಅಷ್ಟು ಕಡಿಮೆಯಾಗುತ್ತದೆ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನೇ ಕೇಳಿ. ಬಡ್ಡಿ ಸ್ಥಿರವೋ ಬದಲಾಗುವುದೋ, ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯೇ, ಹಣ ಸೆಮಿಸ್ಟರ್‌ವಾರು ಬಿಡುಗಡೆಯಾಗುವುದೇ ಎಂದೂ ಕೇಳಿ. ಸೆಮಿಸ್ಟರ್‌ವಾರು ಆದರೆ ಬಡ್ಡಿ ಕಡಿಮೆ ಬೀಳುತ್ತದೆ, ಆದರೆ ಪ್ರತಿ ಸಲ ಅಂಕಪಟ್ಟಿ, ಶುಲ್ಕದ ಬಿಲ್ಲು ಕಳಿಸಬೇಕು. ಕನಿಷ್ಠ ಒಂದು ತಿಂಗಳು ಮೊದಲೇ ಕಳಿಸದಿದ್ದರೆ ಶುಲ್ಕದ ಗಡುವು ದಾಟುತ್ತದೆ.

ಯಾವ ಹಣದಲ್ಲಿ ಸಾಲ, ಯಾವ ಹಣದಲ್ಲಿ ಸಂಬಳ ಎಂಬುದು ಬಡ್ಡಿಯಷ್ಟೇ ಮುಖ್ಯ. ಡಾಲರ್‌ನಲ್ಲಿ ಶೇ. 9ಕ್ಕೆ ಸಾಲ ಮಾಡಿ, ಮರಳಿ ಬಂದು ತಾಯ್ನಾಡಿನ ಹಣದಲ್ಲಿ ದುಡಿದು ತೀರಿಸುವಾಗ ಆ ಹಣದ ಎದುರು ಡಾಲರ್ ಬೆಲೆ ವರ್ಷಕ್ಕೆ ಶೇ. 3ರಂತೆ ಏರುತ್ತಿದ್ದರೆ ನಿಜವಾದ ದರ ಶೇ. 12 ದಾಟುತ್ತದೆ. ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್‌ನಂಥ ಸಂಸ್ಥೆಗಳು ಅಡಮಾನ, ಜಾಮೀನುದಾರ ಇಲ್ಲದೆ ಮುಂದಿನ ಗಳಿಕೆಯನ್ನು ಅಂದಾಜಿಸಿ, ಆಯ್ದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತವೆ. ಅಡಮಾನ ಇಡಲು ಏನೂ ಇಲ್ಲದವರಿಗೆ ಅದು ದಾರಿಯೇ, ಆದರೆ ಓದಿದ ಮೇಲೆ ಅಲ್ಲೇ ಕೆಲಸ ಮಾಡುವ ವೀಸಾ ಸಿಗದಿದ್ದರೆ ಕಂತು ಹೇಗೆ ಎಂಬುದಕ್ಕೆ ಸಹಿ ಹಾಕುವ ಮೊದಲೇ ಉತ್ತರ ಇರಬೇಕು. ಸಂಸ್ಥೆ ಕಳಿಸಿಕೊಟ್ಟು ಓದಿಸುವ ಬಾಂಡ್ ಇದ್ದರೆ, ಮಧ್ಯದಲ್ಲಿ ಬಿಟ್ಟರೆ ಹಿಂದಿರುಗಿಸಬೇಕಾದ್ದು ಪೂರ್ತಿ ಹಣವೋ ಉಳಿದ ತಿಂಗಳ ಪಾಲೋ ಎಂಬುದನ್ನು ಓದಿಕೊಳ್ಳಿ.

ಹಣ ಕಳಿಸುವಾಗ ಸೋರುವುದು

ಶುಲ್ಕ ಕಳಿಸುವ ಬ್ಯಾಂಕಿನ ಅರ್ಜಿಯಲ್ಲಿ ವೆಚ್ಚ ಯಾರದು ಎಂಬ ಕಾಲಂ ಇರುತ್ತದೆ. ಎಲ್ಲವೂ ಕಳಿಸುವವರದು ಎಂದು ಗುರುತಿಸದಿದ್ದರೆ ಮಧ್ಯದ ಬ್ಯಾಂಕುಗಳು ಕಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಹದಿನೈದು ಇಪ್ಪತ್ತು ಡಾಲರ್ ಕಡಿಮೆ ತಲುಪುತ್ತದೆ, ಅವರ ಕಂಪ್ಯೂಟರಿನಲ್ಲಿ ‘ಶುಲ್ಕ ಬಾಕಿ’ ಎಂದೇ ಕಾಣುತ್ತದೆ. ವಿದ್ಯಾರ್ಥಿ ಸಂಖ್ಯೆಯನ್ನು ವಿವರದಲ್ಲಿ ಬರೆಯದಿದ್ದರೆ ಹಣ ಯಾರದೆಂದೇ ಗೊತ್ತಾಗುವುದಿಲ್ಲ. ವರ್ಗಾವಣೆ ಶುಲ್ಕಕ್ಕಿಂತ ಹೆಚ್ಚು ಹೋಗುವುದು ವಿನಿಮಯ ದರದಲ್ಲಿ. ಮಾರುಕಟ್ಟೆ ದರಕ್ಕೂ ಬ್ಯಾಂಕಿನ ದರಕ್ಕೂ ಶೇ. 2 ಅಂತರವಿದ್ದರೆ 10,000ಕ್ಕೆ 200. ಅಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ನಿಮ್ಮ ದೇಶದ ಹಣದಲ್ಲಿ ತೋರಿಸಲೇ ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಆರಿಸಿ.

ನಡುವೆ ಹಣ ನಿಂತರೆ

ಮನೆಯಲ್ಲಿ ಕೆಲಸ ಹೋಗುವುದು, ಕಾಯಿಲೆ, ಹಣದ ಬೆಲೆ ಕುಸಿಯುವುದು ಇವು ಯಾರಿಗೂ ಆಗಬಹುದು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸಂಕಷ್ಟ ನಿಧಿ ಇರುತ್ತದೆ. ಬಡ್ಡಿಯಿಲ್ಲದ ಅಲ್ಪಾವಧಿ ಸಾಲ, ಒಂದು ಬಾರಿಯ ಅನುದಾನ, ಶುಲ್ಕವನ್ನು ಕಂತುಗಳಾಗಿ ಒಡೆಯುವ ವ್ಯವಸ್ಥೆ ಸಿಗಬಹುದು. ಹೊರಡುವಾಗ ಹಣ ಸಾಕಷ್ಟಿತ್ತು, ಆಮೇಲೆ ಅನಿರೀಕ್ಷಿತವಾಗಿ ಬದಲಾಯಿತು ಎಂದು ತೋರಿಸಬೇಕಾಗುತ್ತದೆ. ಅದಕ್ಕೇ ಹಳೆಯ ಬ್ಯಾಂಕ್ ಪತ್ರಗಳನ್ನು ಎಸೆಯಬಾರದು. ಬ್ರಿಟನ್ನಿನಲ್ಲಿ ವಿದ್ಯಾರ್ಥಿ ವೀಸಾದವರು ಸರ್ಕಾರದ ಸಾರ್ವಜನಿಕ ನೆರವನ್ನು ಪಡೆಯುವಂತಿಲ್ಲ, ಹಾಗಾಗಿ ಕೇಳುವ ಮುನ್ನ ಆ ನಿಧಿ ವಿಶ್ವವಿದ್ಯಾಲಯದ್ದೇ ಎಂದು ಖಚಿತಪಡಿಸಿಕೊಳ್ಳಿ.

ಶುಲ್ಕದ ಗಡುವು ದಾಟುವ ಮೊದಲೇ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಬೇಕು. ದಾಖಲಾತಿ ರದ್ದಾದರೆ ಅದನ್ನು ವಲಸೆ ಇಲಾಖೆಗೆ ತಿಳಿಸುವುದು ಅವರ ಕರ್ತವ್ಯ, ಆಮೇಲೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಂಡು ಹಣ ಹೊಂದಿಸಿ ಮರಳುವ ಯೋಚನೆ ಇದ್ದರೂ, ಅಮೆರಿಕದಲ್ಲಿ ಆ ಕಚೇರಿಯ ಅಧಿಕಾರಿ ಸೆವಿಸ್‌ನಲ್ಲಿ ಒಪ್ಪಿಗೆ ದಾಖಲಿಸಿದ ಮೇಲೆಯೇ ತರಗತಿ ನಿಲ್ಲಿಸಬೇಕು. ಹಾಗೆ ದಾಖಲಾದರೆ ದೇಶ ಬಿಡಲು ಹದಿನೈದು ದಿನ ಸಮಯ ಸಿಗುತ್ತದೆ, ಹೇಳದೆ ತರಗತಿ ಬಿಟ್ಟವರಿಗೆ ಅದೂ ಇಲ್ಲ.